ಮಜ್ಲಿಸ್ ಮನೆಯ ಸೋಬಾನೆ

ಅವ್ವನ ಹಾಡು ಕೇಳಿದವರೆಲ್ಲ ಆಮೇಲೆ ನನ್ನನ್ನು ಹಿಡಿದು ಒಂದೇ ಪ್ರಶ್ನೆ ಕೇಳುತ್ತಾರೆ: ಇಷ್ಟು ದೊಡ್ಡ ದನಿಯನ್ನು ನಿಮ್ಮ ತಾಯಿ ಎಲ್ಲಿ ಬೆಳೆಸಿಕೊಂಡರು? ಗದ್ದೆ ಬಯಲು, ಕೆರೆ ಏರಿ, ಬೆಳದಿಂಗಳು ಎಂದೆಲ್ಲ ಉತ್ತರ ಬರಲಿ ಎಂದು ಅವರಿಗೆ ಆಸೆ. ಟಿವಿಯವರಂತೂ ಹಿಂದುಗಡೆ ಪೈರಿನ ಚಿತ್ರ ಸಿದ್ಧಮಾಡಿಕೊಂಡೇ ಕೂತಿರುತ್ತಾರೆ. ಅವರ ಆಸೆಗೆ ತಣ್ಣೀರು ಎರಚುವುದು ನನಗೇನು ಖುಷಿಯಲ್ಲ, ಆದರೂ ನಿಜ ಹೇಳಲೇಬೇಕಲ್ಲ. ಅವ್ವನ ದನಿ ಮಳವಳ್ಳಿ ಕಡೆಯ ಗದ್ದೆಯಲ್ಲಿ ಹುಟ್ಟಿದ್ದು ಹೌದು. ಅದು ಬೆಳೆದದ್ದು ಮಾತ್ರ ಅಬುಧಾಬಿಯ ಖಾಲಿದಿಯಾದ ಒಂದು ಅಡುಗೆಮನೆಯಲ್ಲಿ, ಎಕ್ಸಾಸ್ಟ್ ಫ್ಯಾನಿನ ಕೆಳಗೆ.

ನಾವಿದ್ದದ್ದು ಒಂದು ಹಳೆಯ ವಿಲ್ಲಾದಲ್ಲಿ. ವಿಲ್ಲಾ ಎಂದರೆ ಊರಿನವರು ಕಣ್ಣರಳಿಸುತ್ತಾರೆ. ಊರಿಗೆ ಹೋದಾಗ ಅಪ್ಪನೂ ಆ ಪದವನ್ನು ಬಾಯಿ ತುಂಬ ಹೇಳುತ್ತಿದ್ದ. ಅದರೊಳಗೆ ಎಷ್ಟು ಸಂಸಾರಗಳಿದ್ದವು ಎಂಬುದನ್ನು ಮಾತ್ರ ನುಂಗಿಕೊಳ್ಳುತ್ತಿದ್ದ. ಒಂದೊಂದು ರೂಮಿಗೆ ಒಂದೊಂದು ಸಂಸಾರ, ಹಾಲಿನ ನಡುವೆ ಪ್ಲೈವುಡ್ ಹೊಡೆದು ಆ ಕಡೆ ಒಂದು, ಈ ಕಡೆ ಒಂದು. ನಮಗೆ ಸಿಕ್ಕಿದ್ದು ಮಜ್ಲಿಸ್, ಅಂದರೆ ಅರಬರ ಮನೆಯಲ್ಲಿ ಬಂದವರನ್ನು ಕೂರಿಸಿ ಮಾತಾಡಿಸುವ ಹೊರಗಿನ ಕೋಣೆ. ಅದರ ಚಾವಣಿಯ ತುಂಬ ಗಾರೆಯಲ್ಲಿ ಮಾಡಿದ ಹೂಬಳ್ಳಿ, ಹೂವಿಗೆಲ್ಲ ಚಿನ್ನದ ಬಣ್ಣ. ಆ ಅರಮನೆಯ ಚಾವಣಿಯ ಕೆಳಗೆ ನಮ್ಮ ಒಂದು ಮಂಚ, ಅಡ್ಡ ಕಟ್ಟಿದ ಸೀರೆ, ಸೀರೆಯ ಈಚೆ ನನ್ನ ಹಾಸಿಗೆ, ಮೂಲೆಯಲ್ಲಿ ದೇವರು, ದೇವರ ಪಕ್ಕದಲ್ಲೇ ಅಕ್ಕಿ ಮೂಟೆ. ಮಲಗಿಕೊಂಡು ಮೇಲೆ ನೋಡಿದರೆ ನಾವು ಸುಲ್ತಾನರು, ಪಕ್ಕಕ್ಕೆ ತಿರುಗಿದರೆ ಮೂಗಿಗೆ ಈರುಳ್ಳಿ ಚೀಲ. ನನಗೆ ಅದೇನೂ ಕಡಿಮೆ ಅನ್ನಿಸಿರಲಿಲ್ಲ. ಶಾಲೆಯಲ್ಲಿ ನನ್ನ ಗೆಳತಿಯರ ಫ್ಲ್ಯಾಟುಗಳ ಚಾವಣಿಯಲ್ಲಿ ಒಂದು ಹೂವೂ ಇರಲಿಲ್ಲ, ಪಾಪ ಎಂದುಕೊಳ್ಳುತ್ತಿದ್ದೆ.

ಅಪ್ಪ ಮುಸಫ್ಫಾದ ಒಂದು ಫ್ಯಾಬ್ರಿಕೇಶನ್ ಯಾರ್ಡಿನಲ್ಲಿ ಫೋರ್‌ಮನ್. ವೆಲ್ಡರ್ ಆಗಿ ಬಂದು, ಕ್ಯಾಂಪಿನ ಬಂಕ್ ಮಂಚದ ಮೇಲೆ ವರ್ಷಗಟ್ಟಲೆ ಮಲಗಿ, ಕೊನೆಗೆ ಫೋರ್‌ಮನ್ ಆಗಿ ಫ್ಯಾಮಿಲಿ ವೀಸಾ ಗಿಟ್ಟಿಸಿದವನು. ಆ ವೀಸಾದ ಮೇಲೆ ಅವ್ವನನ್ನೂ ಕೈಗೂಸಾಗಿದ್ದ ನನ್ನನ್ನೂ ಕರೆಸಿಕೊಂಡ. ಬೆಳಕು ಹರಿಯುವ ಮೊದಲೇ ಬೀದಿ ಕೊನೆಗೆ ಕಂಪನಿ ಬಸ್ಸು ಬರುತ್ತಿತ್ತು. ಸಂಜೆ ಅದೇ ಬಸ್ಸು ಅವನನ್ನು ಕಬ್ಬಿಣದ ವಾಸನೆಯೊಂದಿಗೆ ಇಳಿಸಿ ಹೋಗುತ್ತಿತ್ತು. ಮೃದು ಸ್ವಭಾವದ ಮನುಷ್ಯ. ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದವನು, ಶುಕ್ರವಾರದ ಮೀನು ತೊಳೆಯುತ್ತಿದ್ದವನು ಅವನೇ. ಇಂಥವನು ಮನೆಗೆ ಒಂದೇ ಒಂದು ಕಾನೂನು ಮಾಡಿದ್ದ. ವಿಮಾನ ಇಳಿದು ಬರುವಾಗ ಟ್ಯಾಕ್ಸಿಯಲ್ಲೇ ಅವ್ವನಿಗೆ ಅದನ್ನು ಹೇಳಿದ್ದನಂತೆ.

"ಇನ್ಮ್ಯಾಕೆ ಸೋಬಾನೆ ಗೀಬಾನೆ ಮಾಫಿ. ಯಾರ್ ಕರುದ್ರೂ ಹಾಡಕ್ಕೆ ಹೋಗಂಗಿಲ್ಲ. ಖಲಾಸ್."

ಮಾಫಿ ಎಂದರೆ ಇಲ್ಲ, ಖಲಾಸ್ ಎಂದರೆ ಮುಗಿಯಿತು. ಅವ್ವ ಕಲಿತ ಮೊದಲ ಅರಬ್ಬಿ ಪದಗಳು ಇವೇ.

ಅವ್ವನ ತವರಿಗೆ ಗೇಣು ಜಮೀನೂ ಇರಲಿಲ್ಲ. ಅವಳೂ ಅವಳ ತಾಯಿಯೂ ಗದ್ದೆ ಕೂಲಿಗೆ ಹೋಗುತ್ತಿದ್ದರು, ಮದುವೆ ಕಾಲ ಬಂದರೆ ಸೋಬಾನೆಗೆ. ನಮ್ಮ ಸೀಮೆಯ ಮದುವೆಯಲ್ಲಿ ಒಂದೊಂದು ಶಾಸ್ತ್ರಕ್ಕೂ ಒಂದೊಂದು ಪದವುಂಟು. ಅರಿಶಿನ ಹಚ್ಚುವಾಗ ಒಂದು, ಬಳೆ ತೊಡಿಸುವಾಗ ಒಂದು, ತಾಂಬೂಲದ ತಟ್ಟೆ ಕೈ ಬದಲಾಗುವಾಗ ಒಂದು. ತಟ್ಟೆ ಬದಲಾದ ಮೇಲೆ ಎರಡು ಮನೆಯವರೂ ಬೀಗರಾದರಲ್ಲ, ಆಗ ಬೀಗರ ಪದ. ಅದರಲ್ಲಿ ಎದುರು ಕಡೆಯವರ ಮೀಸೆ, ಹೊಟ್ಟೆ, ಜಿಪುಣತನ ಎಲ್ಲವನ್ನೂ ಎತ್ತಿ ಆಡಿಕೊಳ್ಳುತ್ತಾರೆ. ಆಡಿಸಿಕೊಂಡವರು ಕೋಪಿಸಿಕೊಳ್ಳುವ ಹಾಗಿಲ್ಲ. ಅವರ ಕಡೆಯ ಹೆಂಗಸರು ಪದದಲ್ಲೇ ತಿರುಗಿಸಿ ಕೊಡಬೇಕು; ಕೊಡಲಾಗದಿದ್ದರೆ ಸೋತ ಹಾಗೆ. ಅವ್ವ ಲಂಗ ಹಾಕುವ ವಯಸ್ಸಿನಲ್ಲೇ ಮೀಸೆ ಹೊತ್ತ ಗೌಡರುಗಳನ್ನು ಸೋಲಿಸಿದವಳು. ಅಪ್ಪ ಯಾಕೆ ಹಾಡು ಬೇಡವೆಂದ ಎಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಬೇಡ ಎಂದರೆ ದನಿ ಎಲ್ಲಿಗೆ ಹೋಗುತ್ತದೆ? ವಿಲ್ಲಾದಲ್ಲಿ ಎಲ್ಲರಿಗೂ ಸೇರಿ ಒಂದೇ ಅಡುಗೆಮನೆ, ಸರದಿಯ ಮೇಲೆ ಒಲೆ. ಅವ್ವನ ಸರದಿ ಬೆಳಗ್ಗೆ, ಗಂಡಸರೆಲ್ಲ ಕೆಲಸಕ್ಕೆ ಹೋದಮೇಲೆ. ಗೋಡೆಯ ಮೇಲಿದ್ದ ಎಕ್ಸಾಸ್ಟ್ ಫ್ಯಾನು ಹಾಕಿದರೆ ಲಾರಿ ಏರು ಹತ್ತುವ ಸದ್ದು. ಒಗ್ಗರಣೆ ಇರಲಿ ಇಲ್ಲದಿರಲಿ, ಅವ್ವ ಮೊದಲು ಆ ಫ್ಯಾನು ಹಾಕುತ್ತಿದ್ದಳು. ಆಮೇಲೆ ಅದರ ಗುಂಯ್ ಎಂಬುದನ್ನು ಹಿಡಿದುಕೊಂಡು ಬಾಯಿ ಬಿಡುತ್ತಿದ್ದಳು. ಇವತ್ತಿಗೂ ಅವ್ವ ಹಾಡುವುದು ಆ ಫ್ಯಾನಿನ ಶ್ರುತಿಯಲ್ಲೇ ಎಂದು ನನ್ನ ಗುಮಾನಿ. ನಮ್ಮ ಹಾರ್ಮೋನಿಯಂನವರು ಅದಕ್ಕೆ ಏನೋ ಬೇರೆ ಹೆಸರು ಹೇಳುತ್ತಾರೆ, ಹೇಳಿಕೊಳ್ಳಲಿ.

ಈ ಗುಟ್ಟು ಮೊದಲು ಗೊತ್ತಾದದ್ದು ಪಕ್ಕದ ರೂಮಿನ ಸುನಂದಕ್ಕನಿಗೆ. ಉಡುಪಿ ಕಡೆಯವರು, ಆಸ್ಪತ್ರೆಯಲ್ಲಿ ನರ್ಸು. ರಾತ್ರಿಪಾಳಿ ಮುಗಿಸಿ ಬಂದು ಬೆಳಗ್ಗೆ ಮಲಗುವವರು. ಒಂದು ದಿನ ಕಣ್ಣುಜ್ಜಿಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತರು. ಬೈಸಿಕೊಳ್ಳುವುದು ಖಾತ್ರಿ ಎಂದು ಅವ್ವ ಸೌಟು ಕೆಳಗಿಟ್ಟಳು.

"ಆ ಫ್ಯಾನೊಂದು ಬಂದ್ ಮಾಡು ಮಾರಾಯ್ತಿ. ನೀನು ಹೇಳುವುದು ಚಂದ ಉಂಟು, ಅದರ ಗಲಾಟೆಯಲ್ಲಿ ಅರ್ಧ ಕೇಳುವುದೇ ಇಲ್ಲ."

"ಬಂದ್ ಮಾಡುದ್ರೆ ಪೂರ್ತಿ ವಿಲ್ಲಾಗೇ ಕೇಳ್ತದೆ ಸುನಂದಕ್ಕ. ನಮ್ಮನೆಯೋರ ಕಿವಿಗೆ ಬಿದ್ರೆ ಆಯ್ತು ಕತೆ."

"ಎಂತದು, ಹಾಡಿದ್ರೆ ಅವರ ಗಂಟು ಹೋಗ್ತದಾ?"

ಅಂದಿನಿಂದ ಸುನಂದಕ್ಕ ಒಂದು ಸ್ಟೂಲು ಹಾಕಿಕೊಂಡು ಕೂರತೊಡಗಿದರು. ಅವ್ವ ಅವರಿಗೆ ರಾಗಿ ಮುದ್ದೆ ಕೊಟ್ಟಳು, ಅವರು ಅವ್ವನಿಗೆ ನೀರುದೋಸೆ ಕಲಿಸಿದರು. ಮುದ್ದೆಯನ್ನು ಅವರು ಮೊದಲ ಸಲ ಬಾಯಿಗಿಟ್ಟದ್ದು ನನಗೆ ಚೆನ್ನಾಗಿ ನೆನಪಿದೆ. ಜಗಿದರು, ಮತ್ತೂ ಜಗಿದರು, ಕಣ್ಣಲ್ಲಿ ನೀರು ಬಂತು. ಜಗಿಯಬಾರದು, ನುಂಗಬೇಕು ಎಂದು ಅವ್ವ ಹೇಳುವುದರೊಳಗೆ ಅವರು ನಮ್ಮ ಇಡೀ ಮಂಡ್ಯ ಸೀಮೆಗೆ ಕೈಮುಗಿದಿದ್ದರು.

ಸೋಬಾನೆ ಒಬ್ಬರ ಹಾಡಲ್ಲ. ಮುಂದಿನವಳು ಎತ್ತಿಕೊಟ್ಟ ಸಾಲನ್ನು ಹಿಂದಿನವರು ಹಿಡಿದು ಹೇಳಬೇಕು. ಅಷ್ಟರಲ್ಲಿ ಮುಂದಿನವಳು ಉಸಿರೆಳೆದುಕೊಂಡು ಇನ್ನೊಂದು ಸಾಲು ಕಟ್ಟುತ್ತಾಳೆ. ಖಾಲಿದಿಯಾದಲ್ಲಿ ಅವ್ವನಿಗೆ ಹಿಮ್ಮೇಳ ಎಲ್ಲಿಂದ ಬರಬೇಕು? ಸುನಂದಕ್ಕ ಪ್ರಯತ್ನಪಟ್ಟರು, ಆದರೆ ಅವರ ಬಾಯಲ್ಲಿ ಸೋಬಾನೆ ಭಜನೆಯಾಗುತ್ತಿತ್ತು. ಕೊನೆಗೆ ನಾನೇ ಗತಿಯಾದೆ. ನನ್ನದು ಮಧ್ಯಾಹ್ನದ ಶಾಲೆ. ಬೆಳಗ್ಗೆಯೆಲ್ಲ ಅವ್ವನ ಸೆರಗಿನಲ್ಲೇ. ಅವಳು ಎತ್ತಿಕೊಟ್ಟಳು, ನಾನು ಹಿಡಿದೆ. ಅರ್ಥ ಆಮೇಲೆ ಕೇಳಿಕೊಳ್ಳುತ್ತಿದ್ದೆ, ಅದೂ ಶಾಲೆಯ ಇಂಗ್ಲಿಷಿನಲ್ಲಿ.

"ಅವ್ವ, ವಾಟ್ ಈಸ್ ನಾಟಿ?"

ಅವ್ವ ಒಂದು ದೊಡ್ಡ ತಟ್ಟೆ ತೆಗೆದುಕೊಂಡು ಅದರಲ್ಲಿ ಗೋಧಿಹಿಟ್ಟನ್ನು ಕೆಸರಿನ ಹಾಗೆ ಕಲಸಿದಳು. ಫ್ರಿಜ್ಜಿನಿಂದ ಕೊತ್ತಂಬರಿ ಸೊಪ್ಪಿನ ಕಟ್ಟು ತೆಗೆದು ಒಂದೊಂದೇ ಎಸಳನ್ನು ಹೆಬ್ಬೆರಳಿನಿಂದ ಒತ್ತಿ ಊರಿದಳು, ಹಿಂದಕ್ಕೆ ಹೆಜ್ಜೆ ಇಡುವವಳ ಹಾಗೆ ತಟ್ಟೆಯ ಆ ಅಂಚಿನಿಂದ ಈ ಅಂಚಿಗೆ ಬಂದಳು, ಊರುತ್ತ ಹಾಡಿದಳು. ನಾನು ಮೊದಲು ನೋಡಿದ ಗದ್ದೆ ಅದು. ಸ್ವಲ್ಪ ಹೊತ್ತಿಗೆ ಸುನಂದಕ್ಕ ಬಂದು ಫ್ರಿಜ್ಜಿನಲ್ಲಿ ತಡಕಾಡಿದರು.

"ನನ್ನ ಕೊತ್ತಂಬರಿ ಕಟ್ಟು ಎಲ್ಲಿ ಹೋಯ್ತು?"

"ನಾಟಿ ಆಗೋಯ್ತು ಸುನಂದಕ್ಕ," ಎಂದಳು ಅವ್ವ.

ನನ್ನ ಜೀವನದಲ್ಲಿ ನಾನಾಗಿ ಒಂದು ಹಾಡನ್ನೂ ಶುರು ಮಾಡಿದವಳಲ್ಲ. ಬೇರೆಯವರು ಬಿಟ್ಟ ಸಾಲನ್ನು ಕೆಳಗೆ ಬೀಳದ ಹಾಗೆ ಹಿಡಿಯುವುದೇ ನನ್ನ ಕಸುಬಾಯಿತು, ವೇದಿಕೆಯಲ್ಲೂ ಸಂಸಾರದಲ್ಲೂ. ಅದಕ್ಕೆ ಬೇಸರವೇನಿಲ್ಲ. ಮುಂದೆ ನಿಂತು ಹಾಡುವವರ ಎದೆ ಎಷ್ಟು ಡವಗುಟ್ಟುತ್ತದೆ ಎಂಬುದು ಹಿಂದೆ ನಿಂತವರಿಗೇ ಗೊತ್ತು.

ಶುಕ್ರವಾರ ಅಪ್ಪನಿಗೆ ರಜೆ, ನಮಗೆ ಮೌನವ್ರತ. ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ, ಆದರೆ ಒಂದು ದಿನ ಬೆಳಗ್ಗೆ ಧೂಳುಗಾಳಿ ಎದ್ದು ಯಾರ್ಡಿನಲ್ಲಿ ಕ್ರೇನುಗಳನ್ನು ನಿಲ್ಲಿಸಿಬಿಟ್ಟರು. ಅಪ್ಪ ಹೊತ್ತಿಗೆ ಮುಂಚೆಯೇ ಮನೆಗೆ ಬಂದ. ಅವ್ವ ಬಾಗಿಲಿಗೆ ಬೆನ್ನು ಹಾಕಿಕೊಂಡು ಹಾಡುತ್ತಿದ್ದಳು. ಅವತ್ತಿನ ಪದವಾದರೂ ಬೇರೆ ಯಾವುದಾದರೂ ಆಗಬಾರದಿತ್ತೇ? ಅದು ಅವಳೇ ಹೊಸದಾಗಿ ಕಟ್ಟಿದ್ದ ಬೀಗರ ಪದ. ಕಬ್ಬಿಣ ಬೆಸೆಯುವ ಗಂಡನಿಗೆ ಕಟ್ಟಿಕೊಂಡ ಹೆಂಡತಿಯ ಜೊತೆ ಎರಡು ಮಾತು ಬೆಸೆಯಲು ಬಾರದು ಎಂಬ ಅರ್ಥದ್ದು. ಅಪ್ಪ ಒಳಗೆ ಬಂದು ಫ್ಯಾನಿನ ಸ್ವಿಚ್ಚು ಆರಿಸಿದ. ಅವ್ವ ಗಪ್ಪನೆ ನಿಂತಳು. ನಾನು ಅವನನ್ನು ನೋಡಿರಲಿಲ್ಲ. ನನ್ನ ಸರದಿ ಬಂತೆಂದು ಅದೇ ಸಾಲನ್ನು ಗಂಟಲು ಹರಿಯುವಂತೆ ಹಿಡಿದೆ.

"ಬ್ಯಾಡ ಅಂದಿದ್ನಲ್ಲ," ಎಂದ ಅಪ್ಪ.

"ನಾನೇನ್ ಯಾರ ಮನೆ ಬಾಗ್ಲಿಗಾದ್ರೂ ಹೋಗಿದ್ನ? ನನ್ ಒಲೆ ಮುಂದೆ ನಾನ್ ಹಾಡ್ಕತಿದ್ದೆ."

"ಇವತ್ತು ಒಲೆ ಮುಂದೆ. ನಾಳೆ ಯಾರೋ ಕೇಳುಸ್ಕತರೆ, ನಾಡಿದ್ದು ಕರೀತರೆ. ಕರುದ್ರೆ ನೀನು ಹೋಯ್ತಿಯ."

"ಹೋದ್ರೇನು?"

ಅಪ್ಪ ಕೈಕಾಲು ತೊಳೆದುಕೊಂಡು ಬಂದು ಊಟಕ್ಕೆ ಕೂತ. ಅವ್ವ ಆ ದಿನದಿಂದ ಮುದ್ದೆಯಲ್ಲಿ ಸೇಡು ತೀರಿಸಿಕೊಂಡಳು. ಅವಳ ಮುದ್ದೆ ಬೆಣ್ಣೆಯ ಹಾಗಿರುತ್ತಿತ್ತು, ಈಗ ಬರೀ ಗಂಟು. ಅಪ್ಪ ಗಂಟುಗಳನ್ನೂ ಮಾತಿಲ್ಲದೆ ನುಂಗಿದ. ಇದೆಲ್ಲ ಸ್ವಲ್ಪ ದಿನದ ಆಟ, ಸರಿಹೋಗುತ್ತದೆ ಎಂದು ನಾನೂ ಸುನಂದಕ್ಕನೂ ಅಂದುಕೊಂಡೆವು. ಸರಿಹೋದದ್ದು ಮುದ್ದೆ ಮಾತ್ರ. ಅವ್ವ ನಿಜಕ್ಕೂ ಹಾಡು ನಿಲ್ಲಿಸಿಬಿಟ್ಟಳು. ಫ್ಯಾನು ಸುಮ್ಮನೆ ತಿರುಗುತ್ತಿತ್ತು, ಕೆಳಗೆ ಅವ್ವ ಸುಮ್ಮನೆ ಈರುಳ್ಳಿ ಹೆಚ್ಚುತ್ತಿದ್ದಳು. ನಾನೇ ಪೀಡಿಸಿ ಒಂದು ಪದ ಹೇಳೆಂದರೆ ಅರ್ಧಕ್ಕೆ ನಿಲ್ಲಿಸಿ, ಮುಂದಿನದು ಮರೆತುಹೋಯಿತು ಎನ್ನುತ್ತಿದ್ದಳು. ಅವಳು ಹಾಗೆಂದಾಗಲೆಲ್ಲ ನನಗೆ ಭಯವಾಗುತ್ತಿತ್ತು. ಆ ಪದಗಳು ಇನ್ನೆಲ್ಲೂ ಇರಲಿಲ್ಲ. ಊರಿನಲ್ಲಿದ್ದ ನನ್ನ ಅಜ್ಜಿ ತೀರಿಕೊಂಡಿದ್ದಳು. ಅವ್ವ ಮರೆತರೆ ಅವು ಇಲ್ಲವೇ ಇಲ್ಲ.

ಅಂಥ ದಿನಗಳಲ್ಲಿ ಅಪ್ಪನ ಕಂಪನಿಯ ಮ್ಯಾನೇಜರರ ಮಗಳ ನಿಶ್ಚಿತಾರ್ಥ ಬಂತು. ಬೋರ್ಡಿನ ಮೇಲೆ ಅವರ ಹೆಸರು ಎನ್. ಸ್ವಾಮಿ. ಸೂಟು, ಸೆಂಟು, ಇಂಗ್ಲಿಷು. ಕನ್ನಡದವರೆಂದು ಎಲ್ಲರಿಗೂ ಗೊತ್ತು, ಯಾವ ಊರೆಂದು ಯಾರಿಗೂ ಗೊತ್ತಿಲ್ಲ. ಕೇಳಿದರೆ 'ಮೈಸೂರ್ ಸೈಡ್' ಎಂದು ಮಾತು ಮುಗಿಸುತ್ತಿದ್ದರು. ಅಪ್ಪನ ಕೆಲಸವೂ ನಮ್ಮ ಮೂವರ ವೀಸಾವೂ ಅವರ ಒಂದು ಸಹಿಯ ಮೇಲೆ ನಿಂತಿದ್ದವು. ಹುಡುಗನ ತಂದೆ ಬೆಂಗಳೂರಿನವರು, ಅಲ್ ಐನಿನಲ್ಲಿ ಹೆಸರಾಂತ ಡಾಕ್ಟರು. ಸಮಾರಂಭ ದುಬೈಯ ಒಂದು ಹಾಲಿನಲ್ಲಿ. ಸ್ವಾಮಿಯವರು ಅಪ್ಪನನ್ನು ಕರೆದು, ಪಾತ್ರೆ ಪಡಗ ಸಾಗಿಸಲು ಕಂಪನಿಯ ಪಿಕಪ್ಪು ತೆಗೆದುಕೊಂಡು ಬಾ, ಹೆಂಡತಿಯನ್ನೂ ಕರೆತಾ, ಶಾಸ್ತ್ರದ ತಟ್ಟೆ ಜೋಡಿಸಲು ಇಲ್ಲಿ ಯಾರಿಗೂ ಬರುವುದಿಲ್ಲ ಎಂದರು. ಹಾಲಿನ ಮುಂದೆ ಪಿಕಪ್ಪು ನಿಲ್ಲಿಸಿ ಅಪ್ಪ ಅವ್ವನ ಕಡೆ ತಿರುಗಿದ.

"ತಟ್ಟೆ ಜೋಡ್ಸು. ಬಾಯಿ ಜೋಡುಸ್ಬ್ಯಾಡ."

ಅವ್ವ ಇಳಿದಳು. ಒಳಗೆ ಹೋಗಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು, ಸೀರೆ ಎಲ್ಲವನ್ನೂ ತಟ್ಟೆಗಳಲ್ಲಿ ಜೋಡಿಸಿದಳು. ಹಾಲಿನ ಎಡಗಡೆ ಹೆಣ್ಣಿನವರು, ಬಲಗಡೆ ಗಂಡಿನವರು, ನಡುವೆ ಉದ್ದಕ್ಕೆ ಕೆಂಪು ಜಮಖಾನ. ಎಡಗಡೆಯ ಮೊದಲ ಸಾಲಿನ ತುದಿಯಲ್ಲಿ ಒಬ್ಬ ಅಜ್ಜಿ ಹೊಸ ರೇಷ್ಮೆ ಸೀರೆಯ ಮೇಲೆ ಶಾಲು ಹೊದ್ದುಕೊಂಡು ಎಸಿಯ ಚಳಿಗೆ ಮುದುರಿ ಕೂತಿದ್ದಳು. ಸ್ವಾಮಿಯವರ ತಾಯಿ; ವಿಸಿಟ್ ವೀಸಾದ ಮೇಲೆ ಬಂದಿದ್ದಳು. ಯಾರೊಂದಿಗೂ ಮಾತಿಲ್ಲ, ಯಾರೂ ಮಾತಾಡಿಸುವವರಿಲ್ಲ. ಅವ್ವ ಅವಳ ಕೈಗೆ ಎರಡು ಎಲೆ, ಒಂದು ಅಡಿಕೆ ಕೊಟ್ಟಾಗ ಮಾತ್ರ ಮುಖ ಸ್ವಲ್ಪ ಅರಳಿತು.

ಪುರೋಹಿತರು ಮಂತ್ರ ಮುಗಿಸಿದರು. ಎರಡು ಕಡೆಯವರೂ ಎದ್ದು ತಾಂಬೂಲದ ತಟ್ಟೆ ಹಿಡಿದರು. ಅಷ್ಟರಲ್ಲಿ ಸ್ಪೀಕರಿನಲ್ಲಿ ಬರುತ್ತಿದ್ದ ನಾದಸ್ವರ ಕೊರಕ್ ಎಂದು ನಿಂತುಹೋಯಿತು. ಹಾಲು ಪೂರ್ತಿ ನಿಶ್ಶಬ್ದ. ನಮ್ಮ ಸೀಮೆಯಲ್ಲಿ ತಾಂಬೂಲ ಮೂಕವಾಗಿ ಕೈ ಬದಲಾಗುವುದು ಸಾವಿನ ಮನೆಯಲ್ಲಿ ಮಾತ್ರ. ಅವ್ವನ ಮುಖ ಬಿಳಿಚಿಕೊಂಡದ್ದು ನನಗೆ ಕಂಡಿತು. ಅವಳು ಅಪ್ಪನ ಕಡೆ ನೋಡಿದಳು, ತಟ್ಟೆಯ ಕಡೆ ನೋಡಿದಳು, ಆಮೇಲೆ ಎತ್ತಿದಳು. ಫ್ಯಾನಿಲ್ಲದ ಅವ್ವನ ಪೂರ್ತಿ ದನಿಯನ್ನು ನಾನೂ ಅವತ್ತೇ ಮೊದಲು ಕೇಳಿದ್ದು. ನನಗೆ ಗೊತ್ತಿಲ್ಲದೆಯೇ ನನ್ನ ಬಾಯಿ ಹಿಂದಿನ ಸಾಲು ಹಿಡಿಯಿತು. ಅಪ್ಪ ಕೈಯಲ್ಲಿ ಕುರ್ಚಿಗಳನ್ನು ಎತ್ತಿಕೊಂಡಿದ್ದವನು ಹಾಗೇ ನಿಂತುಬಿಟ್ಟ.

ತಟ್ಟೆ ಕೈ ಬದಲಾಯಿತು. ಜನ ಚಪ್ಪಾಳೆ ಹೊಡೆದರು. ಅವ್ವ ಅಲ್ಲಿಗೆ ನಿಲ್ಲಿಸಿದ್ದರೆ ಯಾವ ರಗಳೆಯೂ ಇರಲಿಲ್ಲ. ಆದರೆ ಎಷ್ಟೋ ದಿನ ಮುಚ್ಚಿದ್ದ ಗಂಟಲು, ಒಮ್ಮೆ ಬಿಟ್ಟಮೇಲೆ ಮುಚ್ಚುತ್ತದೆಯೇ? ತಾಂಬೂಲದ ಪದ ಆದಮೇಲೆ ಬೀಗರ ಪದ, ಅದು ಕ್ರಮ. ತಾನು ನಿಂತಿರುವುದು ಹೆಣ್ಣಿನ ಕಡೆ, ಎದುರಿಗಿರುವುದು ಗಂಡಿನ ಅಪ್ಪ. ಇಲ್ಲಿಯವರಿಗೆ ಈ ಆಟವೇ ಗೊತ್ತಿಲ್ಲ ಎಂಬುದು ಅವಳ ತಲೆಗೆ ಹೊಳೆಯಲೇ ಇಲ್ಲ. ಅವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಡಾಕ್ಟರ ಕಡೆ ಕೈ ತೋರಿಸಿದಳು.

"ಬಂದಾರೆ ಬೀಗರು ಬಣ್ಣದ ಕಾರಲ್ಲಿ
ಬಾಯಲ್ಲಿ ಮಾತಿಲ್ಲ, ಬರಿ ಕೆಮ್ಮು, ನಮ ಬೀಗ
ಕನ್ನಡವ ಎಲ್ಲಿ ಅಡವಿಟ್ಟ?

ತಲೆಮ್ಯಾಲೆ ಕೂದಲಿಲ್ಲ, ಹೂವೀಗೆ ತಾವಿಲ್ಲ
ಬೀಗಾನ ಬುರುಡೆ ಹೊಳೆವಾಗ, ನಮ್ಮೂರ
ಬೂದುಗುಂಬಳಕಾಯಿ ನಾಚೀತು."

ನಾನೂ ಅಷ್ಟೇ ಉತ್ಸಾಹದಿಂದ ಕುಂಬಳಕಾಯಿಯನ್ನು ಇನ್ನೊಮ್ಮೆ ಹೇಳಿದೆ. ಹಳ್ಳಿಗನ್ನಡ ತಿಳಿಯದ ಡಾಕ್ಟರು ಪಕ್ಕದವರನ್ನು ಅರ್ಥ ಕೇಳಿದರು. ಪಕ್ಕದವರು ಹೇಳಲಾರದೆ ಹೇಳಿದರು. ಡಾಕ್ಟರು ಕೈಯಿಂದ ತಲೆ ಮುಟ್ಟಿ ನೋಡಿಕೊಂಡು ಎದ್ದು ನಿಂತರು.

"ವಾಟ್ ಈಸ್ ದಿಸ್, ಮಿಸ್ಟರ್ ಸ್ವಾಮಿ? ಕರೆಸಿ ಅವಮಾನ ಮಾಡ್ತಿದೀರಾ?"

ಅವರ ಕಡೆಯವರೆಲ್ಲ ಒಬ್ಬೊಬ್ಬರಾಗಿ ಎದ್ದರು. ಅವ್ವ ಬಾಯಿ ತೆರೆದವಳು ತೆರೆದ ಹಾಗೇ. ತನ್ನ ತಪ್ಪೇನೆಂದು ಅವಳಿಗೆ ಇನ್ನೂ ಅರ್ಥವಾಗಿರಲಿಲ್ಲ, ಏನೋ ಕೆಟ್ಟಿದೆ ಎಂಬುದು ಮಾತ್ರ ಅರ್ಥವಾಗಿತ್ತು. ಸ್ವಾಮಿಯವರು ಸುತ್ತ ನೋಡಿ ಕೂಗಿದರು.

"ಯಾರಯ್ಯ ಈ ಹೆಂಗಸನ್ನ ಕರ್ಕೊಂಡು ಬಂದಿದ್ದು?"

ಕರೆಸಿದವರು ಅವರೇ. ಅದನ್ನು ಹೇಳುವ ಧೈರ್ಯ ಯಾರಿಗಿದೆ? ಅಪ್ಪ ಕುರ್ಚಿಗಳನ್ನು ಕೆಳಗಿಟ್ಟು, ಜಮಖಾನದ ಮೇಲೆ ನಡೆದು ಬಂದು ಅವ್ವನ ಪಕ್ಕ ನಿಂತ.

"ನನ್ ಹೆಂಡ್ತಿ ಸಾರ್."

ಇಷ್ಟೇ ಹೇಳಿದ. ಕ್ಷಮಿಸಿ ಎನ್ನಲಿಲ್ಲ, ಅವ್ವನನ್ನು ಗದರಲಿಲ್ಲ. ನಾಳೆ ನಮ್ಮನ್ನು ಊರಿಗೆ ಕಳಿಸಿಬಿಡುತ್ತಾರೆ, ನನ್ನ ಶಾಲೆ, ಸುನಂದಕ್ಕ, ಚಿನ್ನದ ಚಾವಣಿ ಎಲ್ಲ ಮುಗಿಯಿತು ಎಂದು ನಾನು ಅಳಲು ಶುರುಮಾಡಿದ್ದೆ. ಆಗಲೇ ಎಡಗಡೆಯ ಸಾಲಿನ ತುದಿಯಿಂದ ಒಂದು ಒಡಕು ದನಿ ಎದ್ದಿತು.

"ಯಾಕ್ಲಾ ನಿಂಗ, ಅವಳ್ನ ಬಯ್ತೀಯ?"

ಎನ್. ಸ್ವಾಮಿಯವರ ಎನ್ ಎಂದರೆ ಏನೆಂದು ಆವತ್ತು ಇಡೀ ಹಾಲಿಗೆ ಗೊತ್ತಾಯಿತು. ಅಜ್ಜಿ ಶಾಲು ಕಿತ್ತು ಕುರ್ಚಿಗೆ ಹಾಕಿ ಎದ್ದಿದ್ದಳು.

"ಸರಿಯಾಗೇ ಹಾಡವಳೆ. ಗಂಡಿನ ಕಡೇಲಿ ತಿರುಗ್ಸಿ ಹೇಳೋರು ಯಾರೂ ಇಲ್ವೇನ್ಲಾ? ಇಲ್ದಿದ್ರೆ ಬುಡು, ಇವತ್ತು ನಾನೇ ಗಂಡಿನ ಕಡೆಯೋಳು."

ಅಷ್ಟೆಂದವಳೇ ಕೆಂಪು ಜಮಖಾನ ದಾಟಿ ಆ ಕಡೆಗೆ ಹೋದಳು. ಡಾಕ್ಟರ ಕೈ ಹಿಡಿದು ಎಳೆದು ಕೂರಿಸಿ, ತಾನೂ ಪಕ್ಕದಲ್ಲಿ ಕೂತಳು.

"ಕುಂತ್ಕಳಪ್ಪ. ನಿನ್ ಮರ್ವಾದೆ ನಾನು ಉಳಿಸ್ತೀನಿ."

ಆಮೇಲೆ ತನ್ನ ಸ್ವಂತ ಮಗನ ಕಡೆ ಕೈ ನೀಡಿ ಎತ್ತಿದಳು.

"ಹೆಣ್ಣೀನ ಅಪ್ಪಯ್ಯ ಸೂಟು ಬೂಟಿನ ಸ್ವಾಮಿ
ಚೌಡಿ ಎಮ್ಮೆ ಬಾಲ ಹಿಡಕೊಂಡು, ಹೊಳೆ ದಾಟ್ದೋನ
ಮೈಯಿಂದ ಇನ್ನೂ ನೀರ್ ಸೋರ್ತದೆ."

ಆಗ ಸ್ವಾಮಿಯವರ ಬಾಯಿಂದ, ಅವರಿಗೇ ತಿಳಿಯದೆ, ಹೊರಬಿತ್ತು:

"ಚೌಡಿ ಅಲ್ಲ ಕಣವ್ವ. ಹೊಳೆ ದಾಟುಸ್ತಿದ್ದದ್ದು ಲಚ್ಚಿ. ಚೌಡಿ ನೀರಿಗೇ ಇಳೀತಿರಲಿಲ್ಲ."

ಹಾಲು ಬಿದ್ದು ಬಿದ್ದು ನಕ್ಕಿತು. ಡಾಕ್ಟರು ಮತ್ತೆ ಪಕ್ಕದವರನ್ನು ಅರ್ಥ ಕೇಳಿದರು. ಈ ಸಲ ಎಲ್ಲರೂ ಪೈಪೋಟಿಯಲ್ಲಿ ಹೇಳಿದರು. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು, ಆಮೇಲೆ ಅಜ್ಜಿಯ ಕಿವಿಯಲ್ಲಿ ಬಗ್ಗಿ, ಇನ್ನೊಂದು ಹೇಳಿ, ಅವರ ಮೂಗಿನ ಬಗ್ಗೆ ಹೇಳಿ ಎಂದು ತಾವೇ ಸರಕು ಒದಗಿಸತೊಡಗಿದರು. ಅವ್ವ ಈ ಕಡೆಯಿಂದ, ಅಜ್ಜಿ ಆ ಕಡೆಯಿಂದ. ಅವ್ವನ ಹಿಂದೆ ನಾನು, ಅಜ್ಜಿಯ ಹಿಂದೆ ಪದ ಬಾರದ ಡಾಕ್ಟರ ಕುಟುಂಬ. ಮರೆತೆ ಮರೆತೆ ಎನ್ನುತ್ತಿದ್ದ ಅವ್ವನಿಗೆ ಒಂದು ಪದವೂ ಮರೆತಿರಲಿಲ್ಲ. ಅಡುಗೆಯವರು ಬಂದು ಅನ್ನ ಆರುತ್ತಿದೆ ಎಂದು ಗೋಗರೆದ ಮೇಲೆ ಆಟ ನಿಂತಿತು. ಅಜ್ಜಿ ಅವ್ವನ ಕೆನ್ನೆ ಸವರಿ, ಯಾರ ಮಗಳು, ಯಾವ ಊರು ಎಂದು ಕೇಳಿ, ಆ ಊರಿನ ಹೆಸರಿಗೇ ಅತ್ತುಬಿಟ್ಟಳು.

ಊಟಕ್ಕೆ ಏಳುವ ಗದ್ದಲದಲ್ಲಿ ಡಾಕ್ಟರು ಅಪ್ಪನ ಹತ್ತಿರ ಬಂದರು. ಮದುವೆಗೂ ಇವರು ಬರಬೇಕು, ಅದಕ್ಕೆ ಮುಂಚೆ ಅಲ್ ಐನಿನ ನಮ್ಮ ಕನ್ನಡದವರ ಕಾರ್ಯಕ್ರಮದಲ್ಲೂ ಹಾಡಬೇಕು ಎಂದರು. ಸ್ವಾಮಿಯವರೂ ಪಕ್ಕದಲ್ಲಿದ್ದರು. ಅವ್ವ ನೆಲ ನೋಡುತ್ತ ನಿಂತಳು. ನಾನು ಅಪ್ಪನ ಬಾಯನ್ನೇ ನೋಡುತ್ತಿದ್ದೆ. ಅಲ್ಲಿಂದ ಮಾಫಿ ಬರುತ್ತದೋ ಖಲಾಸ್ ಬರುತ್ತದೋ ಎಂದು.

"ಕಳುಸ್ತೀನಿ ಸಾರ್," ಎಂದ ಅಪ್ಪ. "ಒಂದೇ ಮಾತು. ಮೊದಲ್ನೇ ಪಂಕ್ತೀಲಿ ಎಲೆ ಹಾಕ್ಬೇಕು. ಇವತ್ತಿಂದಾನೇ."

ಅವರಿಬ್ಬರೂ ಮುಖ ಮುಖ ನೋಡಿಕೊಂಡರು. ಅಜ್ಜಿಗೆ ಮಾತ್ರ ಅರ್ಥವಾಯಿತು. ಅವಳೇ ಅವ್ವನ ಕೈ ಹಿಡಿದುಕೊಂಡು ಹೋಗಿ, ಇಬ್ಬರು ಬೀಗರ ನಡುವೆ ತನ್ನ ಪಕ್ಕದಲ್ಲಿ ಕೂರಿಸಿಕೊಂಡಳು.

ಆ ಹಾಲಿನ ವಿಡಿಯೋದವನು ಎಲ್ಲವನ್ನೂ ಹಿಡಿದಿದ್ದ. ಕ್ಯಾಸೆಟ್ಟು ದುಬೈಯಿಂದ ಅಲ್ ಐನಿಗೆ, ಅಲ್ಲಿಂದ ಯಾರದೋ ಸೂಟ್‌ಕೇಸಿನಲ್ಲಿ ಬೆಂಗಳೂರಿಗೆ ಹೋಯಿತು. ಅವ್ವ ಅಲ್ ಐನಿನಲ್ಲಿ ಹಾಡಿದಳು, ದುಬೈಯ ದೊಡ್ಡ ಸಭಾಂಗಣದಲ್ಲಿ ಹಾಡಿದಳು, ಆಮೇಲೆ ಊರಿನಿಂದಲೇ ಕರೆ ಬರತೊಡಗಿತು. ಧ್ವನಿಸುರುಳಿ, ಟಿವಿ, ಈಗ ಪ್ರತಿ ಫೋನಿನಲ್ಲೂ ಅವಳೇ. ಕೂಲಿ ಮಾಡುತ್ತಿದ್ದ ಗದ್ದೆಯ ಪಕ್ಕದ ರಸ್ತೆಯಲ್ಲಿ ಅವಳ ಮುಖದ ಫ್ಲೆಕ್ಸ್ ನಿಂತದ್ದನ್ನು ನೋಡಿ ಅವಳು ಹೇಳಿದ್ದು, ಮೂಗುತಿ ಸರಿಯಾಗಿ ಬಂದಿಲ್ಲ ಎಂದಷ್ಟೇ. ಎಲ್ಲೇ ಹೋಗಲಿ, ಮಾತುಕತೆಗೆ ಕೂರುವವನು ಅಪ್ಪ, ಅವನ ಮೊದಲ ಷರತ್ತು ಅದೇ. ಪಂಚತಾರಾ ಹೋಟೆಲಿನವರು ಕಕ್ಕಾಬಿಕ್ಕಿಯಾಗಿ, ಬಫೆಯಲ್ಲಿ ಮೊದಲ ಪಂಕ್ತಿ ಎಂದರೆ ಯಾವುದು ಸಾರ್ ಎಂದು ಕೇಳಿದ್ದುಂಟು. ಅಪ್ಪ ಹೋಗಿ ತಟ್ಟೆಗಳ ರಾಶಿಯ ಮುಂದೆ ನಿಂತು, ಇಲ್ಲಿಂದ ಶುರು ಎಂದು ತೋರಿಸಿದ. ದೊಡ್ಡವರಾದ ಮೇಲೆ ಬಂದ ಜಂಬ ಎಂದು ಆಡಿಕೊಳ್ಳುವವರೂ ಇದ್ದಾರೆ. ಅಂಥವರಿಗೆ ನಾನು ಆ ನಿಶ್ಚಿತಾರ್ಥದ ಮಧ್ಯಾಹ್ನ ಪಿಕಪ್ಪಿನಲ್ಲಿ ಕೇಳಿಸಿಕೊಂಡದ್ದನ್ನು ಹೇಳುತ್ತೇನೆ.

ದುಬೈಯಿಂದ ವಾಪಸು ಬರುತ್ತಿದ್ದೆವು. ಬಿಸಿಲು ರಸ್ತೆಯ ಮೇಲೆ ಕುಣಿಯುತ್ತಿತ್ತು. ಹಿಂದೆ ಪಾತ್ರೆಗಳು ಗಲಗಲ, ಮುಂದೆ ಮೂವರೂ ಒತ್ತಿಕೊಂಡು ಕೂತಿದ್ದೆವು, ನಾನು ನಡುವೆ. ಮಾತು ಅವ್ವನೇ ಶುರು ಮಾಡಿದಳು.

"ಅದೇನದು ಪಂಕ್ತಿ ಮಾತು? ಅವ್ರ ಮುಂದೆ ನಂಗೆ ನಾಚ್ಕೆ ಆಯ್ತು."

ಅಪ್ಪ ರಸ್ತೆಯ ಮೇಲಿಂದ ಕಣ್ಣು ತೆಗೆಯಲಿಲ್ಲ.

"ನಿನ್ನ ಮೊದಲ್ನೇ ಸಲ ನೋಡಿದ್ದು ನಮ್ ಸ್ನೇಹಿತನ ಮದ್ವೇಲಿ. ಬೆಳಿಗ್ಗಿಂದ ಹಾಡ್ತಾನೇ ಇದ್ದೆ. ಊರೆಲ್ಲ ಉಂಡ್ ಮ್ಯಾಲೆ ನಿನ್ನೂ ನಿಮ್ಮವ್ವನ್ನೂ ಕೊಟ್ಟಿಗೆ ಹಿಂದೆ ಕುಂಡ್ರುಸಿದ್ರು. ಬಡಿಸೋಕೆ ಬಂದೋನು ನಾನು. ಬಕೀಟಲ್ಲಿ ಸೌಟು ಹಾಕುದ್ರೆ ತಳ ಕೆರೀತದೆ, ಅನ್ನ ಇಲ್ಲ. ಒಳೀಕೆ ಹೋಗಿ ಕೇಳುದ್ರೆ, ಹಾಡೋರಿಗೆ ತಾನೆ, ಸಾರು ಬಿಡು ಸಾಕು ಅಂದ್ರು. ಅವತ್ತೇ ಅಂದ್ಕಂಡೆ, ಇವಳ್ನ ಕಟ್ಕಂಡ್ರೆ ಇನ್ನೊಬ್ರ ಮನೇಲಿ ಹಾಡೋಕೆ ಬಿಡಕಿಲ್ಲ ಅಂತ."

ಅವ್ವ ಕಿಟಕಿಯ ಕಡೆ ತಿರುಗಿಕೊಂಡಳು.

"ಇದ್ನ ಹೇಳಕ್ಕೆ ಇಷ್ಟು ವರ್ಸ ಬೇಕಾಯ್ತ ನಿಮ್ಗೆ? ನನ್ ದನೀನೆ ನಿಮ್ಗೆ ಹಿಡಿಸಾಕಿಲ್ಲ ಅಂದ್ಕಂಡಿದ್ನಲ್ಲ ನಾನು."

ಅಪ್ಪ ಇಂಡಿಕೇಟರ್ ಹಾಕಿ ಪಿಕಪ್ಪನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದ. ಕೆಲಸ ಹೋಗುತ್ತದೆಂದಾಗಲೂ ಬದಲಾಗದಿದ್ದ ಅವನ ಮುಖ ಈಗ ಅಳುವ ಹಾಗಾಗಿತ್ತು.

"ಹಿಡುಸ್ದೆ ಇದ್ರೆ, ಖಾಲಿ ಬಕೀಟು ಹಿಡ್ಕಂಡು, ನಿನ್ ಪದ ಕೇಳ್ಕಂಡು ಸಂಜೆಗಂಟ ಆ ಕೊಟ್ಟಿಗೆ ಹಿಂದೆ ಯಾಕ್ ನಿಂತಿದ್ದೆ?"

ಅವ್ವ ಮೊದಲು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಅವನನ್ನು ಬೈಯಲು ಹಿಡಿದಳು. ಅಬುಧಾಬಿಯ ಸೇತುವೆ ಬರುವವರೆಗೂ ಬೈಯುತ್ತಲೇ ಇದ್ದಳು, ಅಪ್ಪ ಗಾಡಿ ಓಡಿಸುತ್ತ ನಗುತ್ತಲೇ ಇದ್ದ.